ಸಂತೆಯ ಬುಟ್ಟಿಯೂ ಅಂಗಡಿಯ ಗಲ್ಲೆಯೂ

ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲ ಎಂಬ ಮಾತನ್ನು ನಾವೆಲ್ಲರೂ ಎಳವೆಯಿಂದಲೇ ಕೇಳುತ್ತ ಬಂದಿದ್ದೇವೆ. ವೇದಿಕೆಯ ಮೇಲೆ ನಿಂತು ಈ ಮಾತನ್ನು ಆಡುವುದು ಸುಲಭ. ನಾನೂ ನಾಲ್ಕು ದಶಕಗಳಿಂದ ಆಡಿದ್ದೇನೆ. ಆದರೆ ಸಂತೆಯಲ್ಲಿ ಬುಟ್ಟಿಯ ಮುಂದೆ ನಿಂತಾಗ, ಅಂಗಡಿಯಲ್ಲಿ ಗಲ್ಲೆಯ ಹಿಂದೆ ಕುಳಿತಾಗ ಅದೇ ಮಾತು ನಮ್ಮ ನೆನಪಿನಲ್ಲಿ ಉಳಿದಿರುತ್ತದೆಯೇ? ಈ ಪ್ರಶ್ನೆಯನ್ನು ಇತರರಿಗೆ ಹಾಕುವ ಮೊದಲು ನನಗೇ ಹಾಕಿಕೊಳ್ಳಬೇಕಾದ ಪ್ರಸಂಗವೊಂದು ಈಚೆಗೆ ಒದಗಿತು.

ಕಾರವಾರದ ಭಾನುವಾರದ ಸಂತೆಯನ್ನು ಬಲ್ಲವರು ಬಲ್ಲರು. ಘಟ್ಟದ ಮೇಲಿನಿಂದ ಬಂದ ವ್ಯಾಪಾರಿಗಳ ದೊಡ್ಡ ರಾಶಿಗಳ ನಡುವೆ, ರಸ್ತೆಯ ಅಂಚಿಗೆ, ಚಿಕ್ಕ ಬುಟ್ಟಿಗಳನ್ನು ಮುಂದಿಟ್ಟುಕೊಂಡು ಹಾಲಕ್ಕಿ ಒಕ್ಕಲಿಗ ಹೆಣ್ಣುಮಕ್ಕಳು ಕುಳಿತಿರುತ್ತಾರೆ. ಕೊರಳ ತುಂಬ ಮಣಿಸರ, ಮುಂದೆ ಹರಿವೆ, ಬಸಳೆ, ಮೊಗೆಕಾಯಿ, ಗೆಣಸು. ಅವರಲ್ಲಿ ನನಗಿಂತ ಹಿರಿಯಳಾದ ಒಬ್ಬಾಕೆಯ ಬಳಿ ಎರಡು ಸೂಡಿ ಹರಿವೆಯ ಬೆಲೆ ಕೇಳಿದೆ. ಮೂವತ್ತು ರೂಪಾಯಿ ಎಂದಳು. ಇಪ್ಪತ್ತಕ್ಕೆ ಕೊಡವ್ವಾ ಎಂದೆ. ಆಕೆ ಒಂದು ಕ್ಷಣ ಬುಟ್ಟಿಯನ್ನೂ ಇಳಿಯುತ್ತಿದ್ದ ಬಿಸಿಲನ್ನೂ ನೋಡಿ, 'ಆಗಲಿ ಒಡೆಯಾ' ಎಂದು ಕೊಟ್ಟಳು. ಚೀಲಕ್ಕೆ ಹಾಕುವಾಗ ಮೇಲೊಂದು ಹಿಡಿ ಬಸಳೆಯನ್ನೂ ಇಟ್ಟಳು. ಅಲ್ಲಿಂದ ಎದುರಿನ ದೊಡ್ಡ ಮಳಿಗೆಗೆ ಹೋಗಿ ಸಾಬೂನು, ಬಿಸ್ಕತ್ತು, ಹಲ್ಲುಜ್ಜುವ ಪೇಸ್ಟು ಕೊಂಡೆ. ಪೊಟ್ಟಣದ ಮೇಲೆ ಮುದ್ರಿಸಿದ್ದ ಬೆಲೆಯನ್ನು ತುಟಿಪಿಟಕ್ಕೆನ್ನದೆ ತೆತ್ತೆ.

ಮನೆಗೆ ಬಂದು ಹತ್ತು ರೂಪಾಯಿ ಉಳಿಸಿದ ಸಂಗತಿಯನ್ನು ಹೇಳಿದಾಗ ನನ್ನ ಮನೆಯವರು ಚೀಲ ಬಿಚ್ಚುತ್ತ, 'ಆಕೆ ಸುಮ್ಮನೆ ಕೊಟ್ಟ ಈ ಬಸಳೆಯ ಬೆಲೆ ಹತ್ತು ರೂಪಾಯಿ ಅಲ್ಲವೇನು?' ಎಂದರು. ಅಷ್ಟೇ. ಮತ್ತೇನೂ ಹೇಳಲಿಲ್ಲ. ಶಾಸ್ತ್ರ ಓದಿದವನಿಗೆ ಆ ಒಂದು ಮಾತು ಸಾಕಾಯಿತು.

ಈ ತಾಯಂದಿರ ದಿನ ಹೇಗೆ ಆರಂಭವಾಗುತ್ತದೆಂಬುದನ್ನು ಅಂಕೋಲೆಯ ಹಳ್ಳಿಗಳಲ್ಲಿ ಕಂಡವನು ನಾನು. ಹಿಂದಿನ ಸಂಜೆ ಸೊಪ್ಪು ಕಿತ್ತು, ತೊಳೆದು, ಸೂಡಿ ಕಟ್ಟಿ, ನೀರು ಚಿಮುಕಿಸಿ ಇಡಬೇಕು. ಬೆಳಗಿನ ಜಾವದಲ್ಲಿ ಬುಟ್ಟಿ ಹೊತ್ತು ಬಸ್ಸಿನ ದಾರಿಗೆ ಬರಬೇಕು. ೨೦೨೩ರ ಜೂನ್ ೧೧ರಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತ ಮೇಲೆ ಬಸ್ಸಿನ ಖರ್ಚು ಉಳಿಯಿತು, ಶ್ರಮ ಉಳಿಯಲಿಲ್ಲ. ಇಷ್ಟೆಲ್ಲ ಆದ ಮೇಲೆ ಕೊಳ್ಳುವವನಿಗೂ ಮಾರುವವಳಿಗೂ ಇರುವ ಅಂತರವನ್ನು ನೋಡಿರಿ. ಸಾಬೂನು ಮಾರುವವನಿಗೆ ಇಂದಲ್ಲದಿದ್ದರೆ ನಾಳೆ ಇದೆ. ಸೊಪ್ಪು ಮಾರುವವಳಿಗೆ ನಾಳೆ ಇಲ್ಲ. ಮಧ್ಯಾಹ್ನ ಕಳೆದರೆ ಹರಿವೆ ಬಾಡುತ್ತದೆ. ಹೊತ್ತು ತಂದುದನ್ನು ಹೊತ್ತು ಒಯ್ಯುವುದಕ್ಕಿಂತ ಅರ್ಧ ಬೆಲೆಗೆ ಕೊಡುವುದು ಲೇಸೆಂದು ಆಕೆ ಒಪ್ಪುತ್ತಾಳೆ. ಅದನ್ನು ನಾವು ಚೌಕಾಸಿಯ ಜಾಣತನವೆಂದು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಇನ್ನೊಬ್ಬರ ನಿರುಪಾಯದಿಂದ ನಾವು ಪಡೆಯುವ ಲಾಭ.

ಅಂಕೋಲಾ ತಾಲೂಕಿನ ಇಬ್ಬರು ಹಾಲಕ್ಕಿ ತಾಯಂದಿರನ್ನು ನಾಡು ಮರೆಯಲಾರದು. ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ ೨೦೧೭ರಲ್ಲಿ ಪದ್ಮಶ್ರೀ ಬಂದಿತು. ಅಸಂಖ್ಯ ಹಾಡುಗಳನ್ನು ಬಾಯಲ್ಲಿ ಉಳಿಸಿಕೊಂಡ ಆ ತಾಯಿ, ದುಡಿದ ಹಣವನ್ನು ಹೆಂಡದಂಗಡಿ ನುಂಗುವುದನ್ನು ಕಂಡು ಸಾರಾಯಿಯ ವಿರುದ್ಧ ಹೋರಾಡಿದವರೂ ಹೌದು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಿನಗೂಲಿಯಾಗಿ ದುಡಿದು, ಬೀಜದ ಗುಣವನ್ನೂ ಸಸಿಯ ಸ್ವಭಾವವನ್ನೂ ಅರಿತು, ೨೦೨೧ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದರು. ತುಳಸಿ ಗೌಡರು ೨೦೨೪ರ ಡಿಸೆಂಬರಿನಲ್ಲಿಯೂ ಸುಕ್ರಿ ಬೊಮ್ಮಗೌಡರು ೨೦೨೫ರ ಫೆಬ್ರುವರಿಯಲ್ಲಿಯೂ ನಮ್ಮನ್ನು ಅಗಲಿದರು. ಅವರ ಭಾವಚಿತ್ರಗಳಿಗೆ ನಮ್ಮ ಸಭೆಗಳಲ್ಲಿ ಹಾರ ಹಾಕಿದೆವು. ಅವರ ಅಕ್ಕತಂಗಿಯರು ಸಂತೆಯಲ್ಲಿ ಕುಳಿತಾಗ ಐದು ರೂಪಾಯಿಗಾಗಿ ವಾದಿಸುತ್ತೇವೆ. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯೂ ಬಹುಕಾಲದಿಂದ ಇದೆ. ಅದನ್ನು ತೀರ್ಮಾನಿಸುವವರು ದೂರದಲ್ಲಿದ್ದಾರೆ. ಬುಟ್ಟಿಯ ಮುಂದಿನ ತೀರ್ಮಾನವಾದರೋ ನಮ್ಮ ಕೈಯಲ್ಲೇ ಇದೆ.

ಸ್ಥಳೀಯ ಗಿರಾಕಿಯ ಮಹತ್ವವನ್ನು ಅರಿಯಲು ಅಂಕೋಲೆಯ ಕರಿ ಈಶಾಡ ಮಾವಿನ ಹಣ್ಣಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಮೇ ತಿಂಗಳಿನಲ್ಲಿ ಈ ತಾಯಂದಿರ ಬುಟ್ಟಿಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ತೆಳ್ಳನೆಯ ಸಿಪ್ಪೆ, ತುಂಬಿದ ತಿರುಳು, ಮರೆಯಲಾಗದ ಪರಿಮಳ. ೨೦೨೩ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಹಣ್ಣಾದ ಮೇಲೆ ಬಹಳ ದಿನ ಉಳಿಯದ ಕಾರಣ ಇದು ದೂರದ ಪೇಟೆಗಳಿಗೆ ಸುಲಭವಾಗಿ ಹೋಗಲಾರದು. ಊರಿನವರು ಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ನಾವು ದೂರದಿಂದ ಬಂದ, ಪೆಟ್ಟಿಗೆಯಲ್ಲಿ ಜೋಡಿಸಿದ ಹಣ್ಣುಗಳನ್ನೇ ಹುಡುಕಿ ಕೊಳ್ಳತೊಡಗಿದರೆ ಈಶಾಡದ ಮರವನ್ನು ಯಾರು ಉಳಿಸಿಕೊಂಡಾರು? ಸರಕಾರ ಹೆಸರನ್ನು ಕಾಯಬಲ್ಲದು. ಮರವನ್ನು ಕಾಯುವವನು ಗಿರಾಕಿಯೇ.

ಮೇಲಾಗಿ ಈ ಕರಾವಳಿಯ ಜನ ಕಳೆದುಕೊಂಡದ್ದು ಅಲ್ಪವಲ್ಲ. ೧೯೮೬ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗಾಗಿ ಕಾರವಾರ ಅಂಕೋಲೆಗಳ ನಡುವಿನ ಹಲವು ಗ್ರಾಮಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೋಣಿ ಎಳೆಯುವ ದಡಗಳನ್ನು ಬಿಟ್ಟೆದ್ದವು. ಅಲ್ಲಿ ೨೦೦೫ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗಾಗಿ ನಡೆದ ತ್ಯಾಗವದು. ಆದರೆ ತರಕಾರಿ ಬೆಳೆಯುವವಳಿಗೆ ಗದ್ದೆಯೇ ಅಂಗಡಿಯೆಂಬುದನ್ನು ಪರಿಹಾರದ ಲೆಕ್ಕದಲ್ಲಿ ಬರೆಯುವುದು ಕಷ್ಟ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಮೊದಲು ಕೊಚ್ಚಿಹೋದದ್ದು ರಸ್ತೆಯ ಬದಿಯ ಒಂದು ಸಣ್ಣ ಹೋಟೆಲು. ಲಾರಿ ನಿಲ್ಲಿಸಿ ಚಹ ಕುಡಿಯುವವರ ನೆಲೆಯಾಗಿದ್ದ ಆ ಮನೆಯ ಕುಟುಂಬವೂ ಅದರೊಡನೆ ಹೋಯಿತು. ಸಣ್ಣ ವ್ಯಾಪಾರಿ ಯಾವಾಗಲೂ ರಸ್ತೆಯ ಅಂಚಿನಲ್ಲಿಯೇ ಇರುತ್ತಾನೆ. ಆಪತ್ತು ಬಂದಾಗ ಮೊದಲು ಅವನನ್ನೇ ಮುಟ್ಟುತ್ತದೆ.

ಊರೊಳಗಿನ ವ್ಯಾಪಾರಕ್ಕೆ ಒಂದು ಗುಣವಿದೆ. ಸಂತೆಯಲ್ಲಿ ನಾನು ಕೊಟ್ಟ ನೂರು ರೂಪಾಯಿಯಿಂದ ಆ ತಾಯಿ ಕಿರಾಣಿ ಅಂಗಡಿಯಲ್ಲಿ ಬೆಲ್ಲ, ಎಣ್ಣೆ ಕೊಳ್ಳುತ್ತಾಳೆ. ಕಿರಾಣಿಯವನು ಆ ಹಣದಲ್ಲಿ ದರ್ಜಿಗೆ ಹೊಲಿಗೆಯ ಕೂಲಿ ಕೊಡುತ್ತಾನೆ. ದರ್ಜಿ ತನ್ನ ಮಗುವಿಗೆ ಪಟ್ಟಿಪುಸ್ತಕ ತರುತ್ತಾನೆ. ಒಂದೇ ನೋಟು ನಾಲ್ಕು ಮನೆಗಳ ಒಲೆಯನ್ನು ನೋಡಿ ಬರುತ್ತದೆ. ದೂರದ ಕಂಪನಿಯ ಮಳಿಗೆಯಲ್ಲಿ ಕೊಟ್ಟ ಹಣದಿಂದ ಅಲ್ಲಿ ದುಡಿಯುವ ಹುಡುಗರ ಸಂಬಳ, ಕಟ್ಟಡದ ಬಾಡಿಗೆ ಊರಿನಲ್ಲಿ ಉಳಿದಾವು. ಲಾಭವು ಊರನ್ನು ಬಿಟ್ಟು ಹೋಗುತ್ತದೆ. ಇದರಿಂದ ದೊಡ್ಡ ಮಳಿಗೆಗೆ ಕಾಲಿಡಬಾರದೆಂದು ನಾನು ಹೇಳುತ್ತಿಲ್ಲ. ತಿಂಗಳ ಸಂಬಳವನ್ನು ಎಣಿಸಿ ಎಣಿಸಿ ಖರ್ಚು ಮಾಡುವ ಗೃಹಿಣಿಗೆ ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುವ ಹಕ್ಕಿದೆ. ಆದರೆ ಅಗ್ಗ ಯಾವುದು ಎಂಬ ಲೆಕ್ಕವನ್ನು ಪೂರ್ಣವಾಗಿ ಮಾಡಬೇಕು. ಕಾಯಿಲೆಯ ತಿಂಗಳಿನಲ್ಲಿ ಉದ್ರಿ ಬರೆದುಕೊಂಡು ದಿನಸಿ ಕೊಡುವವನು ನಮ್ಮ ಓಣಿಯ ಅಂಗಡಿಯವನೇ ಹೊರತು ಗಾಜಿನ ಬಾಗಿಲಿನ ಮಳಿಗೆಯಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಈ ಲೇಖನ ಎಲ್ಲರಿಗೂ ಹಿತವಾಗುತ್ತಿತ್ತು. ವ್ಯಾಪಾರ ನಮ್ಮ ಸಮಾಜದ ಅನೇಕ ಮನೆತನಗಳ ವೃತ್ತಿ. 'ಊರ ಅಂಗಡಿಯಲ್ಲೇ ಕೊಳ್ಳಿರಿ' ಎಂದರೆ ನಮಗೆ ಸಂತೋಷವೇ. ಆದರೆ 'ನಮ್ಮವರಿಂದ ಕೊಳ್ಳಿರಿ' ಎಂಬ ಮಾತಿನಲ್ಲಿ ನಮ್ಮವರು ಯಾರು? ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಒಬ್ಬ ಹುಡುಗನ ನೆನಪಾಗುತ್ತದೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಘಟ್ಟದ ಮೇಲಿನ ಪೇಟೆಯೊಂದರಲ್ಲಿ ಅಂಗಡಿಯಿಟ್ಟಿದ್ದ ನಮ್ಮವರೇ ಆದ ಒಬ್ಬ ವರ್ತಕರು, ನಂಬಿಗಸ್ತನಾದ ಹುಡುಗನೊಬ್ಬನನ್ನು ನೋಡಿಕೊಡಿರೆಂದು ನನ್ನನ್ನು ಕೇಳಿದರು. ಪರಿಚಯದ ಮಾಸ್ತರರ ಮೂಲಕ ಹತ್ತನೆಯ ತರಗತಿ ಮುಗಿಸಿದ್ದ ಒಬ್ಬ ಸಿದ್ದಿ ತರುಣನನ್ನು ಕಳುಹಿಸಿದೆ. ಬಾಯಿಲೆಕ್ಕದಲ್ಲಿ ಚುರುಕು, ಅಕ್ಷರ ದುಂಡಗೆ, ಮಾತು ವಿನಯ. ಕೆಲವು ತಿಂಗಳ ಬಳಿಕ ಆ ಅಂಗಡಿಗೆ ಹೋದಾಗ ಅವನು ಹಿಂದಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಅವನ ನಂತರ ಬಂದ, ಕೂಡಿಸುವುದರಲ್ಲಿಯೂ ತಪ್ಪುವ ಬೇರೊಬ್ಬ ಹುಡುಗ ಗಲ್ಲೆಯ ಬಳಿ ಕುಳಿತಿದ್ದ. ನಾನು ನೋಡಿದ್ದನ್ನು ಗಮನಿಸಿ ವರ್ತಕರು, 'ಏನು ಮಾಡೋಣ ಶಾಸ್ತ್ರಿಗಳೇ, ಅವನನ್ನು ಮುಂದೆ ಕೂರಿಸಿದರೆ ಗಿರಾಕಿಗಳು ಏನೆಂದುಕೊಳ್ಳುತ್ತಾರೋ' ಎಂದರು. ನಾನು ಅವರು ತರಿಸಿದ ಚಹವನ್ನು ಕುಡಿದೆ. ಏನನ್ನೂ ಹೇಳಲಿಲ್ಲ. ಹೊರಡುವಾಗ ಆ ಹುಡುಗ ಕೈ ಒರೆಸಿಕೊಂಡು ಬಂದು ನಮಸ್ಕರಿಸಿದ. ಆ ವರ್ಷದ ಕೊನೆಗೆ ಅವನು ಕೆಲಸ ಬಿಟ್ಟನೆಂದು ಕೇಳಿದೆ. 'ಕಾಡಿನವರು, ಒಂದು ಕಡೆ ನಿಲ್ಲುವುದಿಲ್ಲ' ಎಂದು ವರ್ತಕರು ಹೇಳಿದರಂತೆ. ಅವನು ನಿಲ್ಲದಂತೆ ಮಾಡಿದವರಲ್ಲಿ ಸುಮ್ಮನಿದ್ದ ನಾನೂ ಒಬ್ಬನಲ್ಲವೇ?

ಸಿದ್ದಿಗಳು ಯಾರೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಿ ಹೇಳಬೇಕಾಗಿದೆ. ಅವರ ಪೂರ್ವಜರು ಆಫ್ರಿಕದವರು. ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿಸಿ ಗೋವೆಗೆ ತಂದರು. ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟದ ಕಾಡನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಶಿರಸಿಗಳಲ್ಲಿಯೂ ಅಂಕೋಲೆಯ ಘಟ್ಟದ ಅಂಚಿನಲ್ಲಿಯೂ ಅವರ ಮನೆಗಳಿವೆ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ನಮ್ಮ ನೆಲದಲ್ಲಿ ನೂರಾರು ವರ್ಷ ಬಾಳಿ, ನಮ್ಮ ಭಾಷೆಯನ್ನು ಆಡಿ, ನಮ್ಮ ತೋಟಗದ್ದೆಗಳಲ್ಲಿ ದುಡಿದ ಮೇಲೆಯೂ ಬಸ್ಸಿನಲ್ಲಿ 'ಎಲ್ಲಿಂದ ಬಂದವರು ನೀವು?' ಎಂಬ ಪ್ರಶ್ನೆಯನ್ನು ಎದುರಿಸುತ್ತಾರೆ. ಹಿಂದೆ ಅಲ್ಪ ಸಾಲ ಪಡೆದು ಒಡೆಯರ ಮನೆಯಲ್ಲಿ ವರ್ಷಗಟ್ಟಲೆ ಜೀತಕ್ಕೆ ಸಿಲುಕಿದ ಕುಟುಂಬಗಳೂ ಉಂಟು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು ೨೦೦೩ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಅದು ವಿಸ್ತರಿಸಿದ್ದು ೨೦೨೦ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲೇರಿದ ಮೊದಲಿಗರಾದರು. ಶಾಸನಸಭೆಯಲ್ಲಿ ಆಸನ ದೊರೆತ ಮೇಲೆ ಅಂಗಡಿಯ ಗಲ್ಲೆಯ ಬಳಿ ಒಂದು ಸ್ಟೂಲು ದೊರೆಯಬಾರದೇ?

ಸಿದ್ದಿ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಕೌದಿ ಎಂದೊಡನೆ ನಮ್ಮ ಬೆಳವಲದ ಸೀಮೆಯವರಿಗೆ ತಾಯಿಯ ನೆನಪಾಗುತ್ತದೆ. ನಮ್ಮ ಮನೆಗಳಲ್ಲಿಯೂ ಹಳೆಯ ಇಳಕಲ್ಲ ಸೀರೆ, ಅಪ್ಪನ ಧೋತರ ಸೇರಿ ಕೌದಿಯಾಗುತ್ತಿತ್ತು. ಸಿದ್ದಿಯರು ಅದರ ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೂ ಕೂಡಿಸುತ್ತಾರೆ. ಆ ಹೂವಿಲ್ಲದೆ ಕೌದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ೨೦೧೧ರಲ್ಲಿ ಈ ಕೌದಿಗಳು ನ್ಯೂಯಾರ್ಕ್ ನಗರದಲ್ಲಿ ಪ್ರದರ್ಶನಗೊಂಡವು. ಅಮೆರಿಕೆಯವರು ಗೋಡೆಗೆ ತೂಗುಹಾಕಿ ನೋಡಿದ ವಸ್ತುವನ್ನು ನಾವು ಹಾಸಿಗೆಗೆ ಕೊಂಡೇವೆಯೇ? ಮದುವೆಯಲ್ಲಿ ಮಗಳಿಗೆ ಕೊಡುವ ಹಾಸಿಗೆಯ ಸುರುಳಿಯಲ್ಲಿ ಒಂದು ಸಿದ್ದಿ ಕೌದಿ ಇದ್ದರೆ ಆಗುವ ನಷ್ಟವೇನು? ಕಾಡಿನ ಜೇನು, ಸೀಗೆಕಾಯಿ, ಮುರುಗಲುಗಳ ವಿಷಯದಲ್ಲಿಯೂ ಹೀಗೆಯೇ. ಮರವೇರಿ ಜೇನು ಇಳಿಸುವವನಿಗೆ ದೊರೆಯುವ ಬೆಲೆಗೂ ಚೆಂದದ ಸೀಸೆಯಲ್ಲಿ ನಾವು ಕೊಳ್ಳುವ ಬೆಲೆಗೂ ಇರುವ ಅಂತರದಲ್ಲಿಯೇ ಅವನ ಬಡತನದ ಕಾರಣ ಅಡಗಿದೆ. ಗಿರಿಜನರ ಸಹಕಾರ ಸಂಘಗಳು ಹುಟ್ಟಿದ್ದು ಈ ಅಂತರವನ್ನು ಕಿರಿದುಗೊಳಿಸಲೆಂದೇ.

ಆಫ್ರಿಕ ಮೂಲದವರ ಇಂಥ ಕಷ್ಟ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಅಮೆರಿಕೆಯ ಟಲ್ಸಾ ನಗರದ ಗ್ರೀನ್‌ವುಡ್ ಎಂಬ ಕೇರಿಯಲ್ಲಿ ಕರಿಯ ಜನರು ತಮ್ಮದೇ ಅಂಗಡಿ, ಹೋಟೆಲು, ಪತ್ರಿಕೆಗಳನ್ನು ಕಟ್ಟಿ ಬೆಳೆಸಿದ್ದರು. ೧೯೨೧ರಲ್ಲಿ ಬಿಳಿಯರ ಗುಂಪುಗಳು ಎರಡು ದಿನಗಳಲ್ಲಿ ಅದನ್ನು ಸುಟ್ಟು ಬೂದಿ ಮಾಡಿದವು. ನ್ಯಾಯವಿಲ್ಲದ ಊರಿನಲ್ಲಿ ವ್ಯಾಪಾರದ ಏಳಿಗೆಗೆ ರಕ್ಷಣೆಯಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಇನ್ನೊಂದು ಸಾಕ್ಷಿಯೂ ಇದೆ. ೧೯೫೫ರ ಡಿಸೆಂಬರಿನಿಂದ ಒಂದು ವರ್ಷಕ್ಕೂ ಮಿಕ್ಕಿ ಮಾಂಟ್ಗೊಮೆರಿಯ ಕರಿಯ ಜನರು ತಮ್ಮನ್ನು ಹಿಂದೆ ಕೂರಿಸುವ ಬಸ್ಸುಗಳನ್ನು ಬಹಿಷ್ಕರಿಸಿ ನಡೆದೇ ಓಡಾಡಿದರು. ಆಗ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯ ಹೆಣ್ಣುಮಗಳು ತಿಂಡಿತಿನಿಸು ಮಾಡಿ ಮಾರಿ ಬಂದ ಹಣವನ್ನು ಆ ಚಳವಳಿಗೆ ಕೊಟ್ಟಳು. ಅದಕ್ಕಾಗಿ ಕೆಲಸ ಕಳೆದುಕೊಂಡಾಗ, ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರ ನೆರವಿನಿಂದ ಮನೆಯಲ್ಲಿಯೇ ಊಟದ ವ್ಯಾಪಾರ ಆರಂಭಿಸಿದಳು. ಹಿಂದೆ ಕೂರಿಸುವುದು ಬಸ್ಸಿನಲ್ಲಾದರೇನು, ಗೋದಾಮಿನಲ್ಲಾದರೇನು? ಅವಮಾನ ಒಂದೇ.

ನಮಗಾದರೋ ದಾರಿ ತೋರಿಸಲು ದೂರದವರು ಬೇಕಾಗಿಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದು ಮಾರಿದರು. ಮೇದಾರ ಕೇತಯ್ಯನವರು ಬುಟ್ಟಿ ಹೆಣೆದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರನ್ನು ಬಸವಣ್ಣನವರು ಹಿರಿಯರೆಂದು ಎತ್ತಿ ಗೌರವಿಸಿದರು. ಇವರೆಲ್ಲರೂ ಸಣ್ಣ ಕಸುಬಿನವರು. ಪೇಟೆಯ ಅಂಚಿನಲ್ಲಿ ಕುಳಿತವರು. ಅಕ್ಕಿ ಆಯ್ದು ತರುವ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದ ಕಥೆ ನಮಗೆ ಬಾಯಿಪಾಠ. ಆದರೆ ಅದರ ಅರ್ಥವನ್ನು ವ್ಯಾಪಾರಕ್ಕೆ ಹೊಂದಿಸಿ ನೋಡುವುದು ಅಪರೂಪ. ತನಗೆ ಸಲ್ಲದ ಹೆಚ್ಚಳ ಬೇರೊಬ್ಬರ ಪಾಲಿನದು ಎಂಬುದೇ ಆ ತಾಯಿಯ ಇಂಗಿತ. ಬಾಡುವ ಸೊಪ್ಪಿನ ಮೇಲೆ ನಾನು ಉಳಿಸಿದ ಹತ್ತು ರೂಪಾಯಿ ಅಂಥ ಹೆಚ್ಚಳವಾಗಿತ್ತು. ಮೀನು ನಮ್ಮ ಮನೆಗಳ ಆಹಾರವಲ್ಲ. ಆದರೂ ಕಾರವಾರದ ಮೀನು ಪೇಟೆಯಲ್ಲಿ ನಸುಕಿನಿಂದ ಕುಳಿತ ಹರಿಕಂತ್ರ, ಖಾರ್ವಿ ತಾಯಂದಿರ ಕಾಯಕವನ್ನು ಮೂಗು ಮುಚ್ಚಿಕೊಂಡು ದಾಟಿಹೋಗುವವರು ಅಂಬಿಗರ ಚೌಡಯ್ಯನವರ ಜಯಂತಿಯಲ್ಲಿ ಭಾಷಣ ಮಾಡಬಾರದು. ೨೦೨೦ರ ಜನವರಿಯಲ್ಲಿ ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದಾಗ ಕಾರವಾರದ ಅಂಗಡಿಕಾರರೂ ಬಾಗಿಲು ಮುಚ್ಚಿ ಅವರೊಡನೆ ನಿಂತರು. ಊರಿನ ವ್ಯಾಪಾರವೆಂದರೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದ ಸರಪಳಿ ಎಂಬುದನ್ನು ಅಂದು ಅವರು ಅರಿತಿದ್ದರು.

ನಮ್ಮ ಸಮಾಜದ ಹಿರಿಯರು ಇಂಥ ಸರಪಳಿಯನ್ನು ಕಟ್ಟಿ ತೋರಿಸಿದ್ದಾರೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಸ್ಥಾಪಿಸಿದ ಪತ್ತಿನ ಸಂಘವು ಈ ದೇಶದ ಕೃಷಿ ಸಹಕಾರ ಚಳವಳಿಗೆ ನಾಂದಿಯಾಯಿತು. ಒಬ್ಬೊಬ್ಬರೇ ಲೇವಾದೇವಿಯವನ ಮುಂದೆ ನಿಂತರೆ ಬಡ್ಡಿಗೆ ಬಲಿ. ಹತ್ತು ಜನ ಕೂಡಿದರೆ ತಮ್ಮ ಹಣಕ್ಕೆ ತಾವೇ ಒಡೆಯರು. ಇದೇ ಅದರ ತತ್ತ್ವ. ಇಂದು ನಮ್ಮವರು ನಡೆಸುವ ಪತ್ತಿನ ಸಂಘಗಳು ಊರೂರಿನಲ್ಲಿವೆ. ಅವುಗಳ ಸಾಲದ ಪಟ್ಟಿಯಲ್ಲಿ ಹಾಲಕ್ಕಿ ತಾಯಿಯ, ಸಿದ್ದಿ ತರುಣನ, ಮೀನು ಮಾರುವವಳ ಹೆಸರು ಎಷ್ಟು ಇವೆ ಎಂಬುದನ್ನು ಆಡಳಿತ ಮಂಡಳಿಯವರು ಒಮ್ಮೆ ತೆರೆದು ನೋಡಲಿ.

ಕಾನೂನಿನ ನೆರವೂ ಇದೆ. ೨೦೧೪ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡಾ ೪೦ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ೨೦೨೦ರಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆಯಲ್ಲಿ ಜಾಮೀನಿಲ್ಲದೆ ಸಾಲ ದೊರೆಯುತ್ತದೆ. ಮೊದಲ ಕಂತು ೧೦,೦೦೦ ರೂಪಾಯಿ ಇದ್ದದ್ದು ೨೦೨೫ರಲ್ಲಿ ೧೫,೦೦೦ಕ್ಕೆ ಏರಿತು. ಅದನ್ನು ತೀರಿಸಿದವರಿಗೆ ೨೫,೦೦೦, ಬಳಿಕ ೫೦,೦೦೦ ರೂಪಾಯಿ. ಆದರೆ ಅರ್ಜಿ ತುಂಬಲು ಅಕ್ಷರ ಬೇಕು, ಕಚೇರಿಯ ಮೆಟ್ಟಿಲೇರಲು ಧೈರ್ಯ ಬೇಕು. ನಮ್ಮ ಮನೆಗಳಲ್ಲಿ ಕಾಲೇಜು ಓದುವ ಮಕ್ಕಳಿದ್ದಾರೆ. ನಿವೃತ್ತರಾದ ಗುಮಾಸ್ತರು, ಶಿಕ್ಷಕರಿದ್ದಾರೆ. ತಿಂಗಳಿಗೊಂದು ಭಾನುವಾರ ಸಂತೆಯ ಬಳಿ ಮೇಜು ಹಾಕಿ ಕುಳಿತು ನಾಲ್ಕು ಅರ್ಜಿ ತುಂಬಿಕೊಟ್ಟರೆ ಅದು ದಾಸೋಹವಲ್ಲವೇ? ಅನ್ನವನ್ನು ಬಡಿಸಿದಂತೆಯೇ ಅಕ್ಷರವನ್ನೂ ಬಡಿಸಬಹುದು.

ನಾನು ಬಾಲ್ಯದಲ್ಲಿ ಓದಿದ ಮಠದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ಸಂತೆಗೆ ನಮ್ಮನ್ನು ಕಳುಹಿಸುವಾಗ ಎರಡೇ ಮಾತು ಹೇಳುತ್ತಿದ್ದರು. ತಲೆಯ ಮೇಲೆ ಹೊತ್ತು ತಂದವರ ಬಳಿ ಚೌಕಾಸಿ ಮಾಡಬೇಡಿರಿ. ಗಾಡಿಯಲ್ಲಿ ತಂದವರ ಬಳಿ ಬೇಕಾದರೆ ಮಾಡಿರಿ. ಅಂದು ನಕ್ಕಿದ್ದೆವು. ಅರ್ಥಶಾಸ್ತ್ರದ ದೊಡ್ಡ ಗ್ರಂಥ ಹೇಳಬೇಕಾದುದನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರೆಂಬುದು ಅರುವತ್ತು ದಾಟಿದ ಮೇಲೆ ತಿಳಿಯಿತು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹ ಇಷ್ಟು. ಬುಟ್ಟಿಯವರಿಗೆ ಕೇಳಿದ ಬೆಲೆಯನ್ನು ಅಂದೇ ಕೊಡಿರಿ. ಅವರಲ್ಲಿ ಉದ್ರಿ ಉಳಿಸಬೇಡಿರಿ. ಮದುವೆ, ಗೃಹಪ್ರವೇಶ, ಜಾತ್ರೆಯ ದಾಸೋಹಗಳಿಗೆ ಬೇಕಾಗುವ ಬಾಳೆ ಎಲೆ, ಸೊಪ್ಪು, ತರಕಾರಿ, ಹೂಗಳಲ್ಲಿ ಒಂದು ಪಾಲನ್ನಾದರೂ ಊರಿನ ಬೆಳೆಗಾರ ಹೆಣ್ಣುಮಕ್ಕಳಿಗೆ ಮುಂಚಿತವಾಗಿ ಹೇಳಿ ತರಿಸಿರಿ. ಮುಂಗಡ ಹೇಳಿದರೆ ಬಾಡುವ ಭಯವಿಲ್ಲ. ಅವರಿಗೂ ಒಂದು 'ನಾಳೆ' ದೊರೆಯುತ್ತದೆ. ಅಂಗಡಿಯಿಟ್ಟವರು ತೂಕವನ್ನು ಸರಿಯಿಡಿರಿ, ಆಳಿನ ಸಂಬಳವನ್ನು ಬರೆದಿಡಿರಿ, ಕೆಲಸಕ್ಕೆ ಸೇರಿಸುವಾಗ ಬಣ್ಣವನ್ನೂ ಕುಲವನ್ನೂ ನೋಡದೆ ಲೆಕ್ಕವನ್ನೂ ನಡತೆಯನ್ನೂ ನೋಡಿರಿ. ಯೋಗ್ಯನಾದವನನ್ನು ಗಲ್ಲೆಯ ಬಳಿ ಕೂರಿಸಿರಿ. ಒಬ್ಬಿಬ್ಬರು ಗಿರಾಕಿಗಳು ಹುಬ್ಬು ಗಂಟಿಕ್ಕಿದರೆ ಗಂಟಿಕ್ಕಲಿ. ಬೆಲ್ಲ ಚೆನ್ನಾಗಿದ್ದರೆ ಮರುದಿನ ಅವರೇ ಬರುತ್ತಾರೆ. ಗಿರಾಕಿಗಳಾದವರು ಅಂಥ ಅಂಗಡಿಯನ್ನು ಹುಡುಕಿಕೊಂಡು ಹೋಗಿರಿ. 'ಗಿರಾಕಿಗಳು ಏನೆಂದುಕೊಳ್ಳುತ್ತಾರೋ' ಎಂಬ ವರ್ತಕರ ಮಾತಿಗೆ ಉತ್ತರ ಕೊಡಬೇಕಾದವರು ಗಿರಾಕಿಗಳಾದ ನಾವೇ.

ಮರು ಭಾನುವಾರ ಸಂತೆಗೆ ಹೋದೆ. ಆ ತಾಯಿ ಅಲ್ಲಿಯೇ ಕುಳಿತಿದ್ದಳು. ಎರಡು ಸೂಡಿ ಹರಿವೆ ಕೊಂಡು, ಮೂವತ್ತರ ಜೊತೆಗೆ ಹಿಂದಿನ ವಾರದ ಹತ್ತನ್ನೂ ಸೇರಿಸಿ ಕೊಟ್ಟೆ. ಏಕೆಂದು ಕೇಳಿದಳು. ಹಿಂದಿನ ಬಾಕಿ ಎಂದೆ. 'ಬಾಕಿ ಎಂತಾದ್ದೂ ಇಲ್ಲವಲ್ಲ ಒಡೆಯಾ' ಎಂದು ಹತ್ತರ ನೋಟನ್ನು ಹಿಂದಕ್ಕೆ ಚಾಚಿದಳು. ನನ್ನನ್ನು ಒಡೆಯಾ ಎನ್ನಬೇಡವ್ವಾ, ಅಣ್ಣಾ ಎನ್ನು ಎಂದೆ. ಆಕೆ ನಕ್ಕು, ನೋಟನ್ನು ಮಡಿಲಲ್ಲಿರಿಸಿಕೊಂಡು, ಮತ್ತೆ ಒಂದು ಹಿಡಿ ಬಸಳೆಯನ್ನು ಚೀಲಕ್ಕೆ ಹಾಕಿದಳು. ಆ ತಾಯಿಯ ಲೆಕ್ಕವನ್ನು ತೀರಿಸುವುದು ನನ್ನಿಂದಾಗದೆಂದು ತಿಳಿದು ಮನೆಗೆ ಬಂದೆ.

ಗೋದಾಮಿನಲ್ಲಿ ಮೂಟೆ ಹೊತ್ತ ಆ ತರುಣನ ಬಾಕಿ ಮಾತ್ರ ಹಾಗೆಯೇ ಉಳಿದಿದೆ. ಅವನಿಗೀಗ ನಲವತ್ತು ದಾಟಿರಬೇಕು. ಅವನ ಮಕ್ಕಳು ಈ ನಾಡಿನ ಯಾವುದಾದರೂ ಪೇಟೆಯಲ್ಲಿ ಕೆಲಸ ಕೇಳಿಕೊಂಡು ಬಂದಾಗ, ನಮ್ಮವರ ಅಂಗಡಿಯೊಂದರಲ್ಲಿ ಅವರಿಗೆ ಮುಂದಿನ ಆಸನ ದೊರೆಯಲಿ ಎಂದು ಹಾರೈಸುತ್ತೇನೆ.